ಕೌಲ್ ಬಜಾರಿನಲ್ಲಿ ನಾಲ್ಕು ರಾತ್ರಿ ‘ಆರ್ತಾಸೆರ್ಸೆ’: ಒಂದು ಡಿವಿಡಿಯ ಬಗ್ಗೆ

‘ಆರ್ತಾಸೆರ್ಸೆ’ ಅನ್ನುವ ಇಟಾಲಿಯನ್ ಆಪೆರಾದ, ಅಂದರೆ ಪೂರ್ತಿ ಹಾಡಿನಲ್ಲೇ ನಡೆಯುವ ನಾಟಕದ, ಡಿವಿಡಿ ತರಿಸಿದ್ದೆ. ಮೊದಲ ಸಲ ಬಂದ ಪಾರ್ಸೆಲ್ ಅಲ್ಲಾಡಿಸಿದರೆ ಗಲಗಲ ಅನ್ನುತ್ತಿತ್ತು. ಬಿಚ್ಚಿದರೆ ಡಿಸ್ಕ್ ಅಂಚಿನಿಂದ ನಡುವಿನವರೆಗೆ ಸೀಳಿದೆ. ಆ ಆನ್‌ಲೈನ್ ಅಂಗಡಿಯ ಹೆಸರು ಬೇಡ ಬಿಡಿ. ಫೋಟೋ ಕಳಿಸಿ ಅಂದರು, ಕಳಿಸಿದೆ. ಡಬ್ಬಿಯ ಆರೂ ಮಗ್ಗುಲಿನ ಫೋಟೋ ಬೇಕು ಅಂದರು, ಅದನ್ನೂ ಕಳಿಸಿದೆ. ಹದಿನೆಂಟು ದಿನಕ್ಕೆ ದುಡ್ಡು ವಾಪಸ್ ಬಂತು. ಎರಡನೇ ಸಲ ಬೇರೆ ಕಡೆಯಿಂದ ತರಿಸಿದೆ. ಸಾಗಣೆ, ಸುಂಕ ಎಲ್ಲ ಸೇರಿ ಮೂರು ಸಾವಿರದ ಹತ್ತಿರ ಬಿತ್ತು. ಅಷ್ಟು ಕೂಲಿಗೆ ನಮ್ಮ ಶೆಡ್ಡಿನಲ್ಲಿ ಎಷ್ಟು ಪ್ಯಾಂಟು ಹೊಲಿಯಬೇಕು ಅಂತ ಇಲ್ಲಿ ಲೆಕ್ಕ ಹಾಕಲ್ಲ. ಹೆಂಡತಿ ಇದನ್ನು ಓದುತ್ತಾಳೆ.

ನಂದು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಎಂಟು ಮಷೀನಿನ ಜೀನ್ಸ್ ಶೆಡ್ಡು. ಕಟಿಂಗ್ ಆಗಿ ಬಂದ ಬಟ್ಟೆ ಹೊಲಿದು, ವಾಷಿಂಗಿಗೆ ಕಳಿಸುವ ಕೆಲಸ. ಅಪ್ಪ ಮಾತ್ರ ನಾಟಕ ಕಂಪನಿಗಳಲ್ಲಿ ಪೇಟಿ ಮಾಸ್ತರು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ, ನಮ್ಮೂರ ದುರ್ಗಮ್ಮನ ಸಿಡಿಬಂಡಿ, ಎಲ್ಲಿ ಟೆಂಟ್ ಬಿದ್ದರೂ ಅಲ್ಲಿ ಅಪ್ಪನ ಲೆಗ್ ಹಾರ್ಮೋನಿಯಂ. ನನಗೆ ಪೇಟಿ ಕೈಗೆ ಹತ್ತಲಿಲ್ಲ. ಕಿವಿಗೆ ಮಾತ್ರ ಹತ್ತಿತು.

ಹೋದ ವರ್ಷ ನಮ್ಮ ಮನೆ ಮದುವೆಗೆ ತಂಗಿಯ ಮಗ ಬೆಂಗಳೂರಿನಿಂದ ಬಂದಿದ್ದ. ಊಟಕ್ಕೆ ಕೈ ತೊಳೆಯೋ ಜಾಗದಲ್ಲಿ ನಿಲ್ಲಿಸಿ, “ಮಾವ, ಇದನ್ನ ಕೇಳಿ, ತಾತ ಇದ್ದಿದ್ರೆ ಬಿಡ್ತಿರಲಿಲ್ಲ” ಅಂತ ಇಯರ್‌ಫೋನ್ ಕಿವಿಗೆ ಸಿಕ್ಕಿಸಿದ. ಹಾಡುತ್ತಿರೋದು ಹೆಂಗಸು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಆ ದನಿ ಜರ್ರನೆ ಕೆಳಗಿಳಿದು ಗಂಡಸಿನ ಎದೆದನಿ ಆಯಿತು. ಮತ್ತೆ ಹಾರಿ ಮೇಲಕ್ಕೆ. ಫೋನ್ ಕಿತ್ತುಕೊಂಡು ನೋಡಿದರೆ ದಾಡಿ ಬಿಟ್ಟಿರಬಹುದಾದ ವಯಸ್ಸಿನ ಗಂಡಸು, ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು ನಿಂತಿದ್ದಾನೆ. ಆರೇಳು ನಿಮಿಷದ ಹಾಡು. ನನಗೆ ಆ ಪಂಕ್ತಿ ತಪ್ಪಿ ಮುಂದಿನ ಪಂಕ್ತಿಯಲ್ಲಿ ಊಟ ಸಿಕ್ಕಿತು.

ಆ ಹಾಡು ಇರುವ ಪೂರ್ತಿ ಆಪೆರಾ ಈ ಡಿವಿಡಿಯಲ್ಲಿದೆ. ಹೆಸರು ‘ಆರ್ತಾಸೆರ್ಸೆ’. ಸಂಗೀತ ಲಿಯೊನಾರ್ಡೊ ವಿಂಚಿಯದು. ಚಿತ್ರ ಬರೆದ ಡಾ ವಿಂಚಿ ಅಲ್ಲ, ಅವನಿಗಿಂತ ಇನ್ನೂರು ವರ್ಷಕ್ಕೂ ಆಮೇಲಿನವನು, ನೇಪಲ್ಸಿನಲ್ಲಿದ್ದ. ಹುಡುಕುವಾಗ ಹೆಸರು ಮಾತ್ರ ಹೊಡೆದರೆ ಮೊನಾಲಿಸಾ ಕ್ಯಾಲೆಂಡರ್ ಬರುತ್ತೆ, ಜೊತೆಗೆ ಆಪೆರಾದ ಹೆಸರೂ ಹಾಕಿ. ಮಾತು, ಪದ್ಯ ಬರೆದವನು ಮೆತಾಸ್ತಾಸಿಯೊ. 1730ರ ಫೆಬ್ರವರಿ 4ಕ್ಕೆ ರೋಮಿನಲ್ಲಿ ಮೊದಲ ಆಟ. ಥಿಯೇಟರಿನ ಹೆಸರು ತೆಯಾತ್ರೊ ದೆಲ್ಲೆ ದಾಮೆ, ಅಂದರೆ ‘ಹೆಂಗಸರ ಥಿಯೇಟರ್’. ತಮಾಷೆ ನೋಡಿ, ಪೋಪ್ ಆಡಳಿತದ ರೋಮಿನಲ್ಲಿ ಹೆಂಗಸರು ರಂಗ ಹತ್ತುವ ಹಾಗೇ ಇರಲಿಲ್ಲ! ಆರು ಪಾತ್ರ, ಅದರಲ್ಲಿ ಎರಡು ಹೆಣ್ಣು. ಆರಕ್ಕೆ ಆರೂ ಗಂಡಸರೇ.

ಆ ಗಂಡಸರಲ್ಲಿ ಐದು ಜನ ಕಾಸ್ತ್ರಾತೊಗಳು. ಇದನ್ನು ಹೇಳದೆ ಮುಂದೆ ಹೋಗೋಕೆ ಆಗಲ್ಲ. ಚೆನ್ನಾಗಿ ಹಾಡುವ ಹುಡುಗನ ದನಿ ಒಡೆಯುವ ಮೊದಲೇ ಅವನ ಬೀಜ ತೆಗೆಸಿಬಿಡುತ್ತಿದ್ದರು. ದನಿ ಎಳೆಯದಾಗೇ ಉಳಿಯುತ್ತಿತ್ತು, ಎದೆ ಮಾತ್ರ ದೊಡ್ಡವರ ಎದೆ. ಗೆದ್ದವರು ದೊರೆಗಳ ಪಕ್ಕ ಕೂತರು. ಫಾರಿನೆಲ್ಲಿ ಅನ್ನುವವನು 1737ರಿಂದ ಸ್ಪೇನಿನ ದೊರೆಯ ಬೇಸರ ಕಳೆಯಲು ಅರಮನೆಯಲ್ಲೇ ಉಳಿದು ಹಾಡಿದ. ಗೆಲ್ಲದ ಹುಡುಗರ ಗತಿ ಏನಾಯಿತೋ. ಕೊನೆಯ ಕಾಸ್ತ್ರಾತೊ ಗಾಯಕ ಅಲೆಸ್ಸಾಂದ್ರೊ ಮೊರೆಸ್ಕಿ ತೀರಿಕೊಂಡದ್ದು 1922ರಲ್ಲಿ. ಅವನ ದನಿಯ ಹಳೇ ರೆಕಾರ್ಡು ಈಗಲೂ ಸಿಗುತ್ತೆ. ನಾನು ಒಮ್ಮೆ ಕೇಳಿ ಅಲ್ಲಿಗೇ ಬಿಟ್ಟೆ.

ಡಿವಿಡಿಯಲ್ಲಿ ಹಾಡುವವರು ಹಾಗೆ ಆದವರಲ್ಲ. ಕೌಂಟರ್‌ಟೆನರ್ ಅಂತಾರೆ. ನಮ್ಮಲ್ಲಿ ಕಳ್ಳದನಿ ಅಂತೀವಲ್ಲ, ಅದನ್ನು ವರ್ಷಗಟ್ಟಲೆ ತೀಡಿ ತೀಡಿ ಅಸಲಿ ದನಿಯಷ್ಟು ಗಟ್ಟಿ ಮಾಡಿಕೊಂಡವರು. ಫ್ರಾನ್ಸಿನ ನಾನ್ಸಿ ಅನ್ನುವ ಊರಿನ ಆಪೆರಾ ಮನೆಯಲ್ಲಿ 2012ರಲ್ಲಿ ಇಂಥ ಐದು ಜನರನ್ನು ಒಟ್ಟು ಹಾಕಿದರು. ಜೊತೆಗೆ ಖಳನಾಯಕ ಅಪ್ಪನ ಪಾತ್ರಕ್ಕೆ ಒಬ್ಬ ಮಾಮೂಲಿ ಗಂಡುದನಿಯವನು, ಹುವಾನ್ ಸಾಂಚೊ. 1730ರಲ್ಲಿ ಇದ್ದದ್ದೂ ಇದೇ ಲೆಕ್ಕ, ಐದು ಒಂದು. ಈ ಕಾಲದಲ್ಲಿ ಒಂದು ಆಟಕ್ಕೆ ಅಂಥ ಐದು ಗಂಟಲು ಒಂದೇ ಕಡೆ ಸಿಗೋದು ಅಂದರೆ ಸುಮ್ನೆ ಅಲ್ಲ.

ಇನ್ನು ಆಟ ಹೇಗಿದೆ ಅನ್ನೋದು. ಮೊದಲು ಕಥೆ ಕೇಳಿ.

ಪರ್ಷಿಯಾದ ದೊರೆ ಸೆರ್ಸೆ. ಅವನ ಕಾವಲಿನ ಮುಖ್ಯಸ್ಥ ಅರ್ತಬಾನೊ. ಅರ್ತಬಾನೊನ ಮಗ ಅರ್ಬಾಚೆ, ದೊರೆ ಮಗಳು ಮಂದಾನೆಯ ಮೇಲೆ ಮನಸ್ಸಿಟ್ಟಿದ್ದಾನೆ. ದೊರೆಗೆ ಗೊತ್ತಾಗಿ ಅರ್ಬಾಚೆಗೆ ಊರು ಬಿಡುವ ಶಿಕ್ಷೆ. ರಾತ್ರಿ ಹೊತ್ತು, ಅರಮನೆ ತೋಟ, ಇಬ್ಬರೂ ಕೊನೇ ಸಲ ಮಾತಾಡಿ ಬೇರೆಯಾಗಿದ್ದಾರೆ. ಅಷ್ಟರಲ್ಲಿ ಅಪ್ಪ ಬರುತ್ತಾನೆ, ಕೈಯಲ್ಲಿ ರಕ್ತದ ಕತ್ತಿ. ದೊರೆಯನ್ನು ಮುಗಿಸಿ ಬಂದಿದ್ದಾನೆ. ಆ ಕತ್ತಿ ಮಗನ ಕೈಗೆ ಕೊಟ್ಟು, ಮಗನ ಕತ್ತಿ ತಾನು ಇಸಿದುಕೊಂಡು ಹೊರಡುತ್ತಾನೆ. ಮಗ ಸಿಕ್ಕಿ ಬೀಳುತ್ತಾನೆ. ಅಪ್ಪನ ಹೆಸರು ಹೇಳೋ ಹಾಗಿಲ್ಲ, ಸುಳ್ಳೂ ಹೇಳೋ ಹಾಗಿಲ್ಲ. “ನಾನು ತಪ್ಪು ಮಾಡಿಲ್ಲ” ಅಷ್ಟೇ ಅವನ ಬಾಯಲ್ಲಿ. ಹೊಸ ದೊರೆ ಆರ್ತಾಸೆರ್ಸೆ ಇವನ ಜೀವದ ಗೆಳೆಯ, ಮೇಲಾಗಿ ಇವನ ತಂಗಿ ಸೆಮಿರಾಳನ್ನು ಮೆಚ್ಚಿದವನು. ಗೆಳೆಯನಿಗೆ ತೀರ್ಪು ಕೊಡಲು ಮನಸ್ಸು ಬರದೆ, ನ್ಯಾಯ ಹೇಳುವ ಕೆಲಸ ಯಾರಿಗೆ ಒಪ್ಪಿಸುತ್ತಾನೆ ಅಂತೀರಿ? ಅರ್ತಬಾನೊಗೇ! ಕೊಲೆ ಮಾಡಿದ ಅಪ್ಪ ಪೀಠದಲ್ಲಿ ಕೂತು, ಮಾಡದ ಮಗನಿಗೆ ಮರಣದಂಡನೆ ಕೊಡುತ್ತಾನೆ.

ಇದು ನಮ್ಮ ಕಂಪನಿ ನಾಟಕದ ಕಥೆ ಅಲ್ಲ ಅಂತ ಯಾರಾದರೂ ಹೇಳಲಿ ನೋಡೋಣ. ಕೊನೆಗೆ ಪಟ್ಟಾಭಿಷೇಕದ ಬಟ್ಟಲಿಗೆ ಅರ್ತಬಾನೊ ವಿಷ ಹಾಕಿರುತ್ತಾನೆ. ಕಥೆ ತಿರುಗಿ ತಿರುಗಿ ಆ ಬಟ್ಟಲು ಅವನ ಮಗನ ತುಟಿಗೇ ಬರುತ್ತೆ. ಆಗ ಅಪ್ಪ ಬಾಯಿ ಬಿಡುತ್ತಾನೆ. ಮಗ ಕಾಲಿಗೆ ಬಿದ್ದು ಕೇಳಿಕೊಂಡದ್ದಕ್ಕೆ ತಲೆ ಉಳಿದು, ಗಡಿಪಾರು ಆಗುತ್ತೆ. ಎಲ್ಲರೂ ಸೇರಿ ಮಂಗಳ ಹಾಡುತ್ತಾರೆ.

ಈ ಆಟ ಮರೆತು ಹೋದದ್ದಕ್ಕೆ ಕಾರಣ ಇದೆ. ಅಳಿಯ ಕಳಿಸಿದ್ದನ್ನೆಲ್ಲ ಓದಿ ನನಗೆ ತಿಳಿದ ಮಟ್ಟಿಗೆ ಹೇಳ್ತೀನಿ. ಆಗ ಇಟಲಿಯಲ್ಲಿ ಆಪೆರಾ ಅಂದರೆ ಇವತ್ತಿನ ಸಿನಿಮಾ ಇದ್ದ ಹಾಗೆ. ಪ್ರತಿ ಸೀಸನ್ನಿಗೂ ಹೊಸದು ಬೇಕು. ಹೋದ ವರ್ಷದ ಸಂಗೀತ ಯಾರಿಗೂ ಬೇಡ. ಪದ್ಯ ಮಾತ್ರ ಹಳೇದೇ ನಡೆಯುತ್ತಿತ್ತು. ಮೆತಾಸ್ತಾಸಿಯೊನ ಇದೇ ಪದ್ಯಕ್ಕೆ ಅದೇ 1730ರಲ್ಲಿ ವೆನಿಸ್ಸಿನಲ್ಲಿ ಹಾಸ್ಸೆ ಬೇರೆ ಸಂಗೀತ ಕೂಡಿಸಿದ. ಗ್ಲುಕ್ ತನ್ನ ಮೊದಲ ಆಪೆರಾ ಮಾಡಿದ್ದು ಇದಕ್ಕೇ, 1741ರಲ್ಲಿ. ಹಿಂದೆ ಮುಂದೆ ಹತ್ತಾರು ಜನ. ನಮ್ಮಲ್ಲಿ ಒಂದೇ ಕುರುಕ್ಷೇತ್ರಕ್ಕೆ ಊರಿಗೊಂದು ಮಟ್ಟು ಇದ್ದ ಹಾಗೆ. ಆಮೇಲೆ ಕಾಸ್ತ್ರಾತೊಗಳ ಕಾಲ ಮುಗಿಯಿತು, ಹಾಡುವ ಗಂಟಲೇ ಇಲ್ಲ. ಹಸ್ತಪ್ರತಿ ಲೈಬ್ರರಿ ಸೇರಿತು.

ವಿಂಚಿಗೂ ಅದೃಷ್ಟ ಇರಲಿಲ್ಲ. ಆಟ ಶುರುವಾಗಿ ಮೂರು ವಾರ ಆಗಿರಲಿಲ್ಲ, ಪೋಪ್ ತೀರಿಕೊಂಡರು, ರೋಮಿನ ಥಿಯೇಟರೆಲ್ಲ ಬಂದ್. ಮೇ ತಿಂಗಳಲ್ಲಿ ಇವನೇ ಹೋದ. ವಿಷ ಬೆರೆಸಿದ ಚಾಕಲೇಟ್ ಪಾನಕ ಕೊಟ್ಟರು, ಹೆಣ್ಣಿನ ವಿಷಯ ಅಂತ ಗಾಳಿಮಾತು ಹಬ್ಬಿತ್ತಂತೆ. ಬಟ್ಟಲಿನ ವಿಷದ ಆಟ ಬರೆದವನ ಮೇಲೆ ಜನ ಅಂಥ ಕಥೆ ಕಟ್ಟದೆ ಬಿಡ್ತಾರಾ.

ಡಿವಿಡಿ ಪ್ಲೇಯರ್ ನಮ್ಮನೆಯಲ್ಲಿ ಇಲ್ಲ. ಈಗ ಯಾರ ಮನೆಯಲ್ಲಿ ಇದೆ? ಸೋದರಮಾವನ ಮನೆಯಲ್ಲಿ ಸಿಕ್ಕಿತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದರು. ಮಾವನಿಗೆ ಎಂಬತ್ತು ದಾಟಿದೆ. ಹುಡುಗನಾಗಿದ್ದಾಗ ಬಯಲಾಟದಲ್ಲಿ ಹೆಣ್ಣು ಪಾತ್ರ ಮಾಡುತ್ತಿದ್ದರು. ಪ್ಲೇಯರ್ ಕೊಡ್ತೀನಿ, ಆದರೆ ಅದರ ಜೊತೆ ನಾನೂ ಬರ್ತೀನಿ ಅಂದರು. ಹಂಗಾಗಿ ನಾಲ್ಕು ರಾತ್ರಿ ಶೆಡ್ಡಿನಲ್ಲಿ, ಮಷೀನ್ ನಿಂತ ಮೇಲೆ, ಕಟಿಂಗ್ ಟೇಬಲ್ ಮೇಲೆ ಟಿವಿ ಇಟ್ಟುಕೊಂಡು ನೋಡಿದೆವು. ನಾನು, ಮಾವ, ಹೆಂಡತಿ, ಓವರ್‌ಲಾಕ್ ಹುಡುಗ. ನಡುವೆ ಮಂಡಕ್ಕಿ ಒಗ್ಗರಣೆ, ಮಿರ್ಚಿ.

ಮಂದಾನೆ ಬಂದಳು. ಪಾತ್ರಧಾರಿ ಮಾಕ್ಸ್ ಎಮಾನುಯೆಲ್ ಚೆಂಚಿಚ್. ದೊಡ್ಡ ಗೌನು, ಬಿಳಿ ಮುಖ.

“ಇದು ಗಂಡಸೇನಲೇ?”

“ಹೂಂ ಮಾವ.”

ಮಾವ ಮಿರ್ಚಿ ಕೆಳಗಿಟ್ಟರು. ಸುಮಾರು ಹೊತ್ತು ಮಾತಿಲ್ಲ. ಆಮೇಲೆ, “ಸೊಂಟ ಆಡಿಸವಲ್ಲ ನೋಡು. ಅದಕ್ಕ ಚಂದ ಐತಿ. ಹೆಣ್ಣು ಪಾತ್ರ ಇರೋದು ಸೊಂಟದಾಗ ಅಲ್ಲ, ಕುತ್ತಿಗ್ಯಾಗ. ಯಾವಾಗ ತಿರುಗಬೇಕು, ಯಾವಾಗ ತಿರುಗಬಾರದು ಅನ್ನೋದು ಗೊತ್ತಿರಬೇಕು” ಅಂದರು. ನಾನು ಅಷ್ಟು ಹೊತ್ತು ಗೌನಿನ ಹೊಲಿಗೆ ನೋಡುತ್ತಾ ಕೂತಿದ್ದೆ. ಆಮೇಲೆ ಕುತ್ತಿಗೆ ನೋಡಿದೆ. ನಿಜ. ಅಪ್ಪನನ್ನು ಕೊಂದವನು ಅಂತ ನಂಬಿದ ಗೆಳೆಯ ಎದುರು ನಿಂತಿದ್ದಾನೆ. ಅವನನ್ನು ದ್ವೇಷ ಮಾಡಬೇಕು, ಮಾಡಲು ಆಗುತ್ತಿಲ್ಲ. ಅಂಥ ಕಡೆ ಕೈಗಿಂತ ಕುತ್ತಿಗೆಗೇ ಕೆಲಸ ಜಾಸ್ತಿ.

ಬಳ್ಳಾರಿಯಲ್ಲಿ ಕೂತು ಇದನ್ನು ನೋಡುವಾಗ ಇನ್ನೊಂದು ಯೋಚನೆ ಬರದೆ ಇರಲ್ಲ. ಹೆಣ್ಣು ಪಾತ್ರ ಹೆಂಗಸರೇ ಮಾಡಲಿ ಅಂತ ಹಟ ಹಿಡಿದವರು ಬಳ್ಳಾರಿ ರಾಘವ. ಅವರ ಹೆಸರಿನ ಕಲಾಮಂದಿರದ ಮುಂದೆ ದಿನಾ ಓಡಾಡ್ತೀವಿ. ಆಮೇಲೆ ಸುಭದ್ರಮ್ಮ ಮನ್ಸೂರ್ ಅಂಥವರು ರಂಗ ಹತ್ತಿ ಹಾಡಿದರು. 2020ರಲ್ಲಿ ಅವರು ಹೋದಾಗ ಊರಿನ ರಂಗಗೀತೆಯ ಅರ್ಧ ಜೀವ ಹೋದ ಹಾಗಾಯಿತು. ಮಾವನ ತಲೆಮಾರಿನ ಕಲೆ ಹೋಗಲೇಬೇಕಿತ್ತು, ಅದರ ಬಗ್ಗೆ ನನಗೆ ಅನುಮಾನ ಇಲ್ಲ. ಹೋದದ್ದರಲ್ಲಿ ಆ ಕುತ್ತಿಗೆಯ ಲೆಕ್ಕವೂ ಇತ್ತು ಅನ್ನೋದು ಮಾತ್ರ ಈಗ ಗೊತ್ತಾಯಿತು.

ಇನ್ನು ಆ ಹಾಡು. ಮೊದಲ ಅಂಕದ ಕೊನೆಗೆ ಬರುತ್ತೆ. ಅರ್ಬಾಚೆ ಒಬ್ಬನೇ ಉಳಿದಿದ್ದಾನೆ. ಗೆಳೆಯ, ಹುಡುಗಿ, ತಂಗಿ ಎಲ್ಲರೂ ಕೈಬಿಟ್ಟಿದ್ದಾರೆ. ಕ್ರೂರ ಕಡಲಿನಲ್ಲಿ ಹೊರಟಿದ್ದೀನಿ, ಹಾಯಿ ಇಲ್ಲ, ಹಗ್ಗ ಇಲ್ಲ, ಅಲೆ ಮೊರೆಯುತ್ತಿದೆ, ಆಕಾಶ ಕಪ್ಪಾಗಿದೆ, ಗಾಳಿ ಏರುತ್ತಿದೆ, ನನ್ನ ಜಾಣತನ ಸಾಲದು ಅಂತ ಅದರ ಅರ್ಥ. 1730ರಲ್ಲಿ ಇದನ್ನು ಹಾಡಿದವನು ಕಾರೆಸ್ತೀನಿ. ಇಲ್ಲಿ ಅರ್ಜೆಂಟೀನಾದ ಫ್ರಾಂಕೊ ಫಾಜೋಲಿ.

ಈ ಕಾಲದ ಹಾಡಿನ ಕಟ್ಟು ಒಂದು ಥರ. ಮೊದಲ ಭಾಗ, ನಡುವೆ ಬೇರೆ ಭಾವದ ಇನ್ನೊಂದು ಭಾಗ, ಆಮೇಲೆ ಮತ್ತೆ ಮೊದಲಿಂದ. ವಿಂಚಿ ಆ ಮೂರನೇ ಸುತ್ತನ್ನು ಬೇರೆಯಾಗಿ ಬರೆಯಲೇ ಇಲ್ಲ, ‘ಮೊದಲಿಂದ’ ಅಂತ ಗುರುತು ಹಾಕಿ ಬಿಟ್ಟ. ಅಲ್ಲಿ ಏನು ಮಾಡಬೇಕು ಅನ್ನೋದು ಹಾಡುವವನ ಪಾಲು. ನನ್ನ ಕಸುಬಿನ ಮಾತಲ್ಲಿ ಹೇಳೋದಾದರೆ, ಜೀನ್ಸಿಗೆ ಎರಡು ಹೊಲಿಗೆ. ಒಳಗಿನದು ಬಟ್ಟೆ ಹಿಡಿಯುತ್ತೆ. ಮೇಲಿನ ಹಳದಿ ದಾರ ಕಣ್ಣಿಗೆ ಕಾಣೋದು. ಒಳಗಿನದು ಸೊಟ್ಟ ಹೋದರೆ ಹಳದಿ ದಾರ ಅದನ್ನು ಊರಿಗೆಲ್ಲ ತೋರಿಸಿಕೊಡುತ್ತೆ.

ಫಾಜೋಲಿಯ ಮೊದಲ ಸುತ್ತು ಒಳಹೊಲಿಗೆ. ನೇರ, ಬಿಗಿ. ಹಿಂದೆ ಪಿಟೀಲುಗಳು ಅಲೆ ಹಾಗೆ ಏರಿ ಬೀಳುತ್ತಿರುತ್ತವೆ. ಮರಳಿ ಬಂದಾಗ ಹಳದಿ ದಾರ ಶುರು. ಅದೇ ಸಾಲು, ಆದರೆ ಒಂದು ಸ್ವರ ಇದ್ದ ಕಡೆ ಹತ್ತು. ಮೇಲಿನ ಸ್ವರದ ತುದಿಯಿಂದ ಎರಡು ಮಾಳಿಗೆ ಕೆಳಗೆ ಧುಮುಕಿ, ಬಿದ್ದ ರಭಸಕ್ಕೇ ಪುಟಿದು ಮೇಲೆ ಬರುತ್ತಾನೆ. ಕ್ಯಾಮೆರಾ ಹತ್ತಿರ ಹೋದಾಗ ದವಡೆ ನಡುಗೋದು ಕಾಣುತ್ತೆ. ಬಣ್ಣದ ಕೆಳಗೆ ಬೆವರು. ಎಲ್ಲಿ ಉಸಿರು ತೆಗೆದುಕೊಂಡ ಅಂತ ನಾನು ಮೂರು ಸಲ ಹಿಂದಕ್ಕೆ ಹಾಕಿ ಹುಡುಕಿದೆ. ಎರಡು ಕಡೆ ಸಿಕ್ಕಿತು, ಮೂರನೇದು ಸಿಗಲಿಲ್ಲ. ಮುಗಿದ ಮೇಲೆ ಅಲ್ಲಿನ ಜನ ಕೂಗಿದ ಕೂಗು ಕೇಳಬೇಕು. ಸೂಟು ಹಾಕಿದವರ ಚಪ್ಪಾಳೆ ಅಲ್ಲ, ನಮ್ಮ ಟೆಂಟಿನ ‘ಒನ್ಸ್ ಮೋರ್’ ಕೂಗು. ಅಪ್ಪನ ಕಾಲದಲ್ಲಿ ಒನ್ಸ್ ಮೋರ್ ಬಿದ್ದರೆ ಸತ್ತ ಪಾತ್ರವೂ ಎದ್ದು ಹಾಡಿ ಮತ್ತೆ ಸಾಯಬೇಕಿತ್ತಂತೆ.

ವಾದ್ಯದವರು ಕನ್ಸರ್ಟೊ ಕೋಲ್ನ್, ನಡೆಸಿದವನು ಡಿಯೆಗೊ ಫಾಸೊಲಿಸ್. ಆ ಕಾಲದ ಥರದ್ದೇ ವಾದ್ಯಗಳು. ಪಿಟೀಲಿಗೆ ಕರುಳಿನ ತಂತಿ, ಮಾತಿನ ಕೆಳಗೆ ಪಿಯಾನೊ ಥರದ ಹಳೇ ವಾದ್ಯ ಹಾರ್ಪ್ಸಿಕಾರ್ಡ್. ಕರುಳಿನ ತಂತಿಯ ನಾದದಲ್ಲಿ ಸ್ವಲ್ಪ ಒರಟು ಇದೆ. ಹೊಸ ಜೀನ್ಸ್ ಬಟ್ಟೆ ವಾಷಿಂಗಿಗೆ ಹೋಗೋ ಮೊದಲು ಕೈಗೆ ಹತ್ತುತ್ತಲ್ಲ, ಹಾಗೆ. ನನಗೆ ಅದೇ ಹಿಡಿಸಿತು.

ರಂಗದ ಮೇಲೆ ಪರ್ಷಿಯಾ ಏನೂ ಇಲ್ಲ. ನಿರ್ದೇಶಕ ರುಮೇನಿಯಾದ ಸಿಲ್ವಿಯು ಪುರ್ಕರೆತೆ. ಬಣ್ಣ ಹಚ್ಚೋದು, ಬಟ್ಟೆ ತೊಡಿಸೋದನ್ನು ನೋಡುವವರ ಎದುರೇ ಇಟ್ಟಿದ್ದಾನೆ. ದೊಡ್ಡ ಗರಿಗಳ ಕಿರೀಟ, ದೊಡ್ಡ ವಿಗ್ಗು. ನೋಡಿದ ತಕ್ಷಣ ಮಾವ, “ಭುಜಕೀರ್ತಿ ಒಂದು ಕಡಿಮಿ ಐತಿ” ಅಂದರು. ಸಂಗೀತದಲ್ಲಿ ಹಳೇದನ್ನು ಇಷ್ಟು ಕಟ್ಟುನಿಟ್ಟಾಗಿ ಹಿಡಿದವರು, ರಂಗದಲ್ಲಿ ಇಷ್ಟು ಸಲೀಸಾಗಿ ಬಿಟ್ಟದ್ದು ಮೊದಲ ರಾತ್ರಿ ನನಗೆ ಸರಿ ಕಾಣಲಿಲ್ಲ. ಎರಡನೇ ರಾತ್ರಿಗೆ ಒಪ್ಪಿದೆ. ‘ಇದು ನಾಟಕ, ಇವರು ಬಣ್ಣ ಹಚ್ಚಿದ ಗಂಡಸರು’ ಅಂತ ಮೊದಲೇ ಹೇಳಿಬಿಟ್ಟ ಮೇಲೆ, ಗಂಡಸು ಹೆಣ್ಣಾದದ್ದನ್ನು ನೋಡಿ ಯಾರೂ ಕಿಸಕ್ಕನೆ ನಗಲ್ಲ. ಓವರ್‌ಲಾಕ್ ಹುಡುಗ ಮೊದಲ ಹತ್ತು ನಿಮಿಷ ನಕ್ಕ. ಆಮೇಲೆ ಸುಮ್ಮನಾದ.

ಬೇಜಾರಾದ ಕಡೆಯೂ ಇದೆ, ಮುಚ್ಚಿಡಲ್ಲ. ಹಾಡು ಹಾಡಿನ ನಡುವೆ ಮಾತಿನ ಥರದ ರಾಗ ಬರುತ್ತೆ, ರೆಸಿಟೆಟಿವ್ ಅಂತಾರೆ. ಕಥೆ ನಡೆಯೋದೆಲ್ಲ ಅದರಲ್ಲೇ. ಇಟಾಲಿಯನ್ ಬರೋರಿಗೆ ರುಚಿ ಇರಬಹುದು. ನಮಗೆ ಇಂಗ್ಲಿಷ್ ಸಬ್‌ಟೈಟಲ್ ಓದೋದರಲ್ಲೇ ಮುಖ ತಪ್ಪುತ್ತೆ. ಮಾವನಿಗೆ ನಾನು ಓದಿ ಓದಿ ಹೇಳಬೇಕು. ನಾನು ಹೇಳಿ ಮುಗಿಸೋ ಹೊತ್ತಿಗೆ ಅಲ್ಲಿ ಬೇರೆಯವನು ಬಂದಿರುತ್ತಾನೆ. ಮೂರು ಗಂಟೆಗೂ ಜಾಸ್ತಿಯ ಆಟ. ಒಂದೇ ರಾತ್ರಿ ಕೂತರೆ ನಿದ್ದೆ ಗ್ಯಾರಂಟಿ. ಹೆಂಡತಿ ಎರಡನೇ ಅಂಕದಲ್ಲಿ ಪ್ಯಾಂಟಿನ ಬಂಡಲ್‌ಗೆ ಒರಗಿ ಮಲಗಿಬಿಟ್ಟಳು. ಸೆಮಿರಾ, ಅರ್ತಬಾನೊ ಕಡೆಯ ಸೇನಾಪತಿ ಮೆಗಾಬಿಸೆ, ಈ ಪಾತ್ರಗಳ ಹಾಡುಗಳು ಚೆನ್ನಾಗಿವೆ, ಹಾಡಿದವರೂ ಚೆನ್ನಾಗೇ ಹಾಡಿದ್ದಾರೆ. ಆದರೆ ನೆನಪಲ್ಲಿ ನಿಲ್ಲಲಿಲ್ಲ. ಆರ್ತಾಸೆರ್ಸೆ ಪಾತ್ರದ ಫಿಲಿಪ್ ಜಾರೂಸ್ಕಿಯ ದನಿ ಎಳನೀರು ಇದ್ದ ಹಾಗೆ. ಮೆತ್ತಗಿನ ದೊರೆಗೆ ಸರಿಯಾಗಿದೆ, ಫಾಜೋಲಿ ಎದುರಿಗೆ ಸ್ವಲ್ಪ ತಣ್ಣಗೆ ಅನ್ನಿಸುತ್ತೆ.

ಮೂರನೇ ರಾತ್ರಿ ಮುಗಿದ ಮೇಲೆ ಮನೆಗೆ ಹೋಗಿ ಅಪ್ಪನ ಟ್ರಂಕ್ ತೆಗೆದೆ. ಅವರ ಹಾಡಿನ ನೋಟ್‌ಬುಕ್ ಅದರಲ್ಲಿದೆ. ನೀಲಿ ಶಾಯಿ, ಒಂದು ಮೂಲೆ ಗೆದ್ದಲು ತಿಂದಿದೆ. ಪ್ರತಿ ಹಾಡಿನ ಮೇಲೆ ರಾಗ, ತಾಳ ಬರೆದಿದ್ದಾರೆ. ಅದರ ಪಕ್ಕ ‘ಧಾಟಿ’ ಅಂತ ಹಾಕಿ ಇನ್ನೊಂದು ಹಾಡಿನ ಮೊದಲ ಎರಡು ಪದ. ಆ ಇನ್ನೊಂದು ಹಾಡು ಯಾರಿಗೂ ಗೊತ್ತಿಲ್ಲ. ಹದಿನಾಲ್ಕನೇ ಪುಟದಲ್ಲಿ ‘ಭೀಮಪಲಾಸ್, ಕೇರವಾ, ಧಾಟಿ: ಅದೇ’ ಅಂತಿದೆ. ಯಾವ ಅದೇ? ಹಿಂದಿನ ಪುಟ ಹರಿದಿದೆ. ಅಪ್ಪನಿಗೆ ಅದು ಬರೆಯುವಷ್ಟು ದೊಡ್ಡ ವಿಷಯ ಆಗಿರಲಿಲ್ಲ. ಬೆರಳಲ್ಲೇ ಇತ್ತು.

ವಿಂಚಿ ಸ್ವರ ಬರೆದಿಟ್ಟಿದ್ದ, ಮೂರನೇ ಸುತ್ತನ್ನು ಗಂಟಲಿಗೆ ಬಿಟ್ಟಿದ್ದ. ಅಪ್ಪ ಪದ ಬರೆದಿಟ್ಟರು, ಸ್ವರವನ್ನೂ ಗಂಟಲಿಗೇ ಬಿಟ್ಟರು. ವಿಂಚಿಯದನ್ನು ನಾನ್ಸಿಯವರು 282 ವರ್ಷ ಆದ ಮೇಲೆ ಎಬ್ಬಿಸಿದರು. ನಮಗೆ ಐವತ್ತು ವರ್ಷದ ಹಿಂದಿನದೇ ಏಳುತ್ತಿಲ್ಲ.

ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಒಂದು ತಂಡ ಹಳೇ ಕಂಪನಿ ನಾಟಕ ಎತ್ತಿಕೊಂಡಿತು. ಹೆಸರು ಹೇಳಲ್ಲ, ಒಳ್ಳೇ ಹುಡುಗರು. ಐದು ಗಂಟೆಯ ಆಟ ಒಂದೂವರೆ ಗಂಟೆಗೆ ಇಳಿಸಿದ್ದರು. ಹಾಡುಗಳಲ್ಲಿ ಉಳಿದದ್ದು ನಾಲ್ಕು. ಅದೂ ಟ್ರ್ಯಾಕ್ ಹಾಕಿ, ಒಂದೊಂದೇ ಚರಣ. ಪೇಟಿಯವರು ಯಾರು ಅಂತ ಕೇಳಿದರೆ ಪೆನ್‌ಡ್ರೈವ್ ತೋರಿಸಿದರು. ಇಂಟರ್ವಲ್ಲಿಗೇ ಎದ್ದು ಬಂದೆ. ಆಮೇಲೆ ಸುಮಾರು ದಿನ ಎಲ್ಲರ ಹತ್ತಿರ ಬೈದುಕೊಂಡು ತಿರುಗಿದ್ದೂ ಉಂಟು.

ಈ ಡಿವಿಡಿ ದೆಸೆಯಿಂದ ಓದಿದ ಮೇಲೆ ಬೈಗುಳ ಸ್ವಲ್ಪ ಕಡಿಮೆ ಮಾಡಿಕೊಂಡಿದ್ದೀನಿ. ಯಾಕೆ ಅಂದರೆ ಯುರೋಪಿನಲ್ಲೂ ಇದು ಒಂದೇ ಏಟಿಗೆ ಆಗಿಲ್ಲ. ವಿಂಚಿಗಿಂತ ಹಿಂದಿನವನು ಕವಾಲ್ಲಿ. ಅವನ ಆಪೆರಾಗಳನ್ನು ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್‌ನಲ್ಲಿ ರೇಮಂಡ್ ಲೆಪಾರ್ಡ್ ಎತ್ತಿದ್ದು 1967ರಲ್ಲಿ ಒಂದು, 1970ರಲ್ಲಿ ಇನ್ನೊಂದು. ಮೂಲದಲ್ಲಿ ವಾದ್ಯ ಕಡಿಮೆ ಅಂತ ಪಿಟೀಲುಗಳನ್ನು ತುಂಬಿದ, ಕತ್ತರಿ ಆಡಿಸಿದ, ಹಿಂದೆ ಮುಂದೆ ಮಾಡಿದ. ಒಳ್ಳೇ ಒಗ್ಗರಣೆ ಹಾಕಿದ ಅನ್ನಿ. ಜನ ಮುಗಿಬಿದ್ದು ಬಂದರು. ಪಂಡಿತರು ಬೈದರು. ಆದರೆ ಆ ಒಗ್ಗರಣೆ ವಾಸನೆಗೆ ಬಂದವರಲ್ಲೇ ಕೆಲವರು ಮೂಲ ಹುಡುಕಿಕೊಂಡು ಹೋದರು, ಹಳೇ ವಾದ್ಯ ಕಲಿತರು. ನಾನ್ಸಿಯಲ್ಲಿ ಒಗ್ಗರಣೆ ಇಲ್ಲದೆ ಬಡಿಸೋಕೆ ಆದದ್ದು ನಲವತ್ತು ವರ್ಷ ಆದ ಮೇಲೆ. ನಮ್ಮ ಹುಡುಗರದ್ದು ಇನ್ನೂ 1967. ಆದರೂ ಪೆನ್‌ಡ್ರೈವ್ ವಿಷಯದಲ್ಲಿ ನನ್ನ ಸಿಟ್ಟು ಹಾಗೇ ಇದೆ.

ಇನ್ನೊಂದು ವಿಷಯ ಓದಿದ್ದು ಇಲ್ಲಿ ಹೇಳದೆ ಇರೋಕೆ ಆಗಲ್ಲ. ವಿವಾಲ್ಡಿಯ ಆಪೆರಾಗಳೂ ಹೀಗೇ ಕಳೆದುಹೋಗಿದ್ದವು. 1926ರಲ್ಲಿ ಇಟಲಿಯ ಪಿಯೆಮೊಂತೆ ಕಡೆಯ ಒಂದು ಪಾದ್ರಿಗಳ ಶಾಲೆಗೆ ಕಟ್ಟಡ ರಿಪೇರಿಗೆ ದುಡ್ಡು ಬೇಕಾಯಿತು. ಹಳೇ ಪುಸ್ತಕ ಮಾರೋಣ ಅಂತ ತೂರಿನ್ ಲೈಬ್ರರಿಯವರಿಗೆ ತೋರಿಸಿದರು. ಅದರೊಳಗೆ ವಿವಾಲ್ಡಿಯ ಕೈಬರಹದ ಸಂಪುಟಗಳು. ಉಳಿದ ಅರ್ಧ ಇನ್ನೊಂದು ಮನೆತನದವರ ಹತ್ತಿರ ಇತ್ತು. ಕೊಳ್ಳಲು ಸರ್ಕಾರದ ಹತ್ತಿರ ಕಾಸಿರಲಿಲ್ಲ. ಮೊದಲ ಅರ್ಧಕ್ಕೆ ಒಬ್ಬ ಶೇರು ವ್ಯಾಪಾರಿ, ಎರಡನೇ ಅರ್ಧಕ್ಕೆ ಒಬ್ಬ ಬಟ್ಟೆ ಕಾರ್ಖಾನೆಯವನು ದುಡ್ಡು ಕೊಟ್ಟರು. ಇಬ್ಬರಿಗೂ ಆಗಷ್ಟೇ ಚಿಕ್ಕ ಗಂಡುಮಕ್ಕಳು ತೀರಿಹೋಗಿದ್ದವು. ಹಂಗಾಗಿ ತೂರಿನ್ನಿನಲ್ಲಿ ಆ ಸಂಗ್ರಹಕ್ಕೆ ಇವತ್ತೂ ಆ ಎರಡು ಕೂಸುಗಳದೇ ಹೆಸರು, ಮೌರೊ ಫೊವಾ, ರೆಂಜೊ ಜೊರ್ದಾನೊ. ಬಟ್ಟೆಯವನು ಅಂತ ಓದಿದಾಗ ನನಗೆ ಒಂಥರಾ ಆಯಿತು.

ಸರಿ, ಕೊಳ್ಳೋರಿಗೆ ಒಂದೆರಡು ಮಾತು. ಪ್ಲೇಯರ್ ಇಲ್ಲದವರು ಡಿವಿಡಿಗೆ ಹೋಗಬೇಡಿ. ಇದೇ ಆಪೆರಾ ಮೂರು ಸಿಡಿಯಾಗಿಯೂ ಬಂದಿದೆ, ಅದನ್ನು ಫೋನಿನಲ್ಲೇ ಕೇಳಬಹುದು. ಅದರಲ್ಲಿ ಅಪ್ಪನ ಪಾತ್ರಕ್ಕೆ ಡೇನಿಯಲ್ ಬೆಹ್ಲೆ, ಉಳಿದ ಐದು ಜನ ಇವರೇ. ಬರೀ ಕೇಳೋದಕ್ಕೆ ಅದು ಇನ್ನೂ ಚೊಕ್ಕ. ಆದರೆ ಮೊದಲ ಸಲ ಕಣ್ಣಿಂದಲೇ ನೋಡಿ. ಈ ದನಿ ಈ ಮೈಯಿಂದ ಬರ್ತಾ ಇದೆ ಅನ್ನೋದು ಕಂಡರೇನೇ ಮಜಾ. ಅಂಕಕ್ಕೆ ಒಂದು ರಾತ್ರಿ ಇಟ್ಟುಕೊಳ್ಳಿ. ಕಥೆಯನ್ನು ಮೊದಲೇ ಮನೆಯವರಿಗೆ ಹೇಳಿಬಿಡಿ, ಸಬ್‌ಟೈಟಲ್ ನಂಬಿಕೊಂಡು ಕೂರಬೇಡಿ. ಟಿವಿಯ ಸ್ಪೀಕರಿನಲ್ಲಿ ಕರುಳಿನ ತಂತಿಯ ನಾದ ಸತ್ತುಹೋಗುತ್ತೆ, ಯಾರದಾದರೂ ಒಳ್ಳೇ ಸ್ಪೀಕರ್ ಇಸಿದುಕೊಳ್ಳಿ. ಬೇಸಿಗೆಯಲ್ಲಿ ಬೇಡ. ಫ್ಯಾನ್ ಶಬ್ದದಲ್ಲಿ ಹಾರ್ಪ್ಸಿಕಾರ್ಡ್ ಕೇಳಲ್ಲ, ಫ್ಯಾನ್ ಆಫ್ ಮಾಡಿದರೆ ಬಳ್ಳಾರಿಯಲ್ಲಿ ಜೀವ ಇರಲ್ಲ. ಐದಕ್ಕೆ ನಾಲ್ಕು ಕೊಡ್ತೀನಿ. ಕಳೆದ ಒಂದು ಆ ಮಾತಿನ ರಾಗಕ್ಕೆ.

ನಾಲ್ಕನೇ ರಾತ್ರಿ ಆಟ ಮುಗಿದಿತ್ತು. ಮಾವನ ಮುಂದೆ ಅಪ್ಪನ ನೋಟ್‌ಬುಕ್ಕಿನ ಹದಿನಾಲ್ಕನೇ ಪುಟ ಇಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ಇದು ನಿಮ್ಮಪ್ಪಂದು ಅಲ್ಲ, ಅವನ ಗುರುವಿಂದು” ಅಂದರು. ಟೇಬಲ್ ಮೇಲೆ ಬೆರಳಲ್ಲಿ ತಾಳ ಹಾಕಿ ಪಲ್ಲವಿ ಎತ್ತಿದರು. ದನಿ ಒಡೆದಿದೆ, ಆದರೂ ಶ್ರುತಿ ಬಿಡಲಿಲ್ಲ. ಚರಣದ ಅರ್ಧಕ್ಕೆ ನಿಂತರು. “ಮುಂದ ಮೇಲಕ್ಕ ಹೋಗ್ತೈತಿ, ಎಲ್ಲಿಗೆ ಅನ್ನೋದು ಬರವಲ್ದು” ಅಂದರು. ಅಷ್ಟನ್ನು ಫೋನಿನಲ್ಲಿ ಹಿಡಿದುಕೊಂಡೆ. ನಲವತ್ತು ಸೆಕೆಂಡ್ ಇದೆ, ಹಿಂದೆ ಫ್ಯಾನ್ ಶಬ್ದ.

ಪ್ಲೇಯರ್ ಅವರದೇ, ತೆಗೆದುಕೊಂಡು ಹೋದರು. ಡಿಸ್ಕ್ ಅದರೊಳಗೇ ಹೋಯಿತು. ಇವತ್ತಿಗೆ ಒಂದು ತಿಂಗಳು. ಕೇಳಿದರೆ, “ಇನ್ನೊಂದು ಸಲ ಕುತ್ತಿಗಿ ನೋಡಿ ಕೊಡ್ತೀನಿ ತಡಿ” ಅಂತಾರೆ.